ಕ್ಷೌರದಂಗಡಿಯ ಹಾಡಿಗೊಂದು ಪೀಠಿಕೆ

ಸ್ವೀಡನ್ನಿನ ಸೋಲ್ನಾದಲ್ಲಿರುವ ನಮ್ಮ ಬಡಾವಣೆಯ ಬಾರ್ಬರ್‌ಶಾಪ್ ಗಾಯನ ತಂಡಕ್ಕೆ ನಾನು ಸೇರಿ ಒಂದೂವರೆ ವರ್ಷವಾಗಿತ್ತು. ಮೂವತ್ತು ಹೆಂಗಸರು, ಪಕ್ಕವಾದ್ಯ ಒಂದೂ ಇಲ್ಲ. ಒಂದು ಗುಂಪು ಹಾಡಿನ ಧಾಟಿ ಹಿಡಿದರೆ ಮಿಕ್ಕ ಮೂರು ಗುಂಪುಗಳು ಅದರ ಮೇಲೂ ಕೆಳಗೂ ಬೇರೆ ಬೇರೆ ಸ್ವರ ಹಿಡಿಯಬೇಕು. ಚಿಕ್ಕಂದಿನಲ್ಲಿ ಶ್ರುತಿಪೆಟ್ಟಿಗೆಯ ಮುಂದೆ ಕೂತು ಸಂಗೀತ ಕಲಿತ ನನಗೆ, ಪಕ್ಕದವರು ಬೇರೆ ಸ್ವರ ಹಾಡುವಾಗ ನನ್ನದನ್ನು ಬಿಡದೆ ಹಿಡಿಯುವುದೇ ದೊಡ್ಡ ಕಷ್ಟವಾಗಿತ್ತು. ತಿದ್ದಿದವರು ತಂಡದ ಅಧ್ಯಕ್ಷೆ, ನಿವೃತ್ತ ನರ್ಸ್. ನನ್ನ ಪಕ್ಕದಲ್ಲೇ ನಿಂತು, ನಾನು ಜಾರಿದಾಗಲೆಲ್ಲ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದರು.

ವಸಂತದ ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ ಅವರು, "ಈ ಹಾಡುಗಾರಿಕೆ ಎಲ್ಲಿಂದ ಬಂತು ಅಂತ ಮೂರು ನಿಮಿಷ ನೀನೇ ಹೇಳು. ನಿನ್ನ ಸ್ವೀಡಿಷ್ ಈಗ ಚೆನ್ನಾಗಿದೆ" ಎಂದರು.

ಹಿಗ್ಗಿಹೋದೆ. ಗ್ರಂಥಾಲಯದಿಂದ ಪುಸ್ತಕ ತಂದು ಓದಿದೆ. ಪೋಸ್ಟರುಗಳಲ್ಲಿ ಪಟ್ಟೆ ಕೋಟು ತೊಟ್ಟ ಬಿಳಿಯರನ್ನಷ್ಟೇ ನೋಡಿದ್ದ ನನಗೆ ಅದರಲ್ಲಿದ್ದದ್ದೆಲ್ಲ ಹೊಸದು. ಅಮೆರಿಕದ ಕಪ್ಪು ಜನ ತಮ್ಮ ಕ್ಷೌರದಂಗಡಿಗಳಲ್ಲಿ ಸರದಿಗೆ ಕಾಯುತ್ತ, ಒಬ್ಬರ ದನಿಗೆ ಇನ್ನೊಬ್ಬರು ದನಿ ಜೋಡಿಸುತ್ತ ಬೆಳೆಸಿದ ಹಾಡು ಇದು. ಮುಂದೆ ಇದೇ ಹಾಡಿಗೆಂದು ಕಟ್ಟಿದ ಸಂಘಗಳು ವರ್ಷಗಟ್ಟಲೆ ಆ ಜನರನ್ನೇ ಒಳಗೆ ಬಿಡಲಿಲ್ಲ.

ಆ ಪುಟವನ್ನು ಎರಡು ಸಲ ಓದಿದೆ. ನನ್ನ ತಾತ ಬೆಳಿಗ್ಗೆ ಕ್ಷೌರ ಮಾಡುತ್ತಿದ್ದರು; ಮದುವೆಗಳಲ್ಲಿ ನಾಗಸ್ವರ ಊದುತ್ತಿದ್ದರು. ತಾಳಿ ಕಟ್ಟುವ ಗಳಿಗೆಗೆ ಅವರ ವಾದ್ಯ ಬೇಕೇ ಬೇಕು. ಊಟಕ್ಕೆ ಮಾತ್ರ ಎಲ್ಲರದೂ ಮುಗಿದ ಮೇಲೆ, ಚಪ್ಪರದ ಹೊರಗೆ ಎಲೆ. ಇಲ್ಲಿನ ಕನ್ನಡಿಗರ ನಡುವೆ ನಾನು ಇದನ್ನು ಎಂದೂ ಬಾಯಿಬಿಟ್ಟಿರಲಿಲ್ಲ.

ನಾನು ಬರೆದದ್ದನ್ನು ಅಧ್ಯಕ್ಷೆ ಅಭ್ಯಾಸದ ನಡುವಿನ ಫಿಕಾದಲ್ಲಿ, ಅಂದರೆ ಕಾಫಿಯ ಬಿಡುವಿನಲ್ಲಿ, ಲೋಟ ಪಕ್ಕಕ್ಕಿಟ್ಟು ಓದಿದರು. ಸಂಘಗಳ ಬಗೆಗಿನ ವಾಕ್ಯದ ಮೇಲೆ ಬೆರಳಿಟ್ಟರು.

"ಇದೊಂದು ಬೇಡ."

"ಯಾಕೆ, ಸುಳ್ಳಾ?"

"ನಿಜವೇ ಇರಬಹುದು. ಆದರೆ ಜನ ಸಂತೋಷಕ್ಕೆ ಬರುತ್ತಾರೆ. ನಾವಂತೂ ಯಾರನ್ನೂ ಹೊರಗಿಟ್ಟಿಲ್ಲ. ನಿನ್ನನ್ನೂ ಸೇರಿಸಿಕೊಂಡಿದ್ದೇವಲ್ಲ."

ಮೇಜಿನ ಸುತ್ತಲಿದ್ದವರು ಕಾಫಿ ಕುಡಿಯುತ್ತಲೇ ಇದ್ದರು. ಇಲ್ಲಿ ಒಪ್ಪಿದವರೂ ಸುಮ್ಮನಿರುತ್ತಾರೆ, ಒಪ್ಪದವರೂ ಸುಮ್ಮನಿರುತ್ತಾರೆ. ನಾನು "ಸರಿ" ಎಂದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಒಂದ್ ಸೆಂಟೆನ್ಸ್ ತಾನೆ, ತೆಗ್ದಾಕು. ಅವತ್ತು ನಮ್ಮ ಕನ್ನಡದೋರೂ ಬರ್ತಿದಾರೆ. ಸುಮ್ನೆ ಯಾಕೆ ಇಶ್ಯೂ ಮಾಡ್ಕೋತೀಯ?"

"ಅವ್ರಿಗೂ ಇದಕ್ಕೂ ಏನ್ ಸಂಬಂಧ?"

ಅವನು ಎದ್ದು ತಟ್ಟೆ ತೊಳೆಯಲು ಹೋದ. ಸಂಬಂಧ ಏನೆಂದು ಇಬ್ಬರಿಗೂ ಗೊತ್ತಿತ್ತು.

ವಾಕ್ಯ ತೆಗೆದ ಪ್ರತಿಯನ್ನೇ ಪ್ರಿಂಟ್ ಮಾಡಿಕೊಂಡು ಭಾನುವಾರ ಮಧ್ಯಾಹ್ನ ವೇದಿಕೆ ಹತ್ತಿದೆ. ಸಭಾಂಗಣ ತುಂಬಿತ್ತು. ಮೂರನೆಯ ಸಾಲಿನಲ್ಲಿ ಗಂಡ, ಅವನ ಪಕ್ಕ ನಾಲ್ಕಾರು ಪರಿಚಿತ ಮುಖಗಳು. ಓದುತ್ತ ಓದುತ್ತ ಆ ವಾಕ್ಯ ಇದ್ದ ಜಾಗಕ್ಕೆ ಬಂದೆ. ಸುಮ್ಮನೆ ಮುಂದಿನ ಸಾಲಿಗೆ ದಾಟಿದ್ದರೆ ಮುಗಿಯುತ್ತಿತ್ತು. ನಾಲಗೆ ಏಳಲಿಲ್ಲ. ಯಾರೋ ಕೆಮ್ಮಿದರು. ಕಾಗದ ಮಡಚಿ, ಬಾಯಿಪಾಠವಾಗಿಹೋಗಿದ್ದ ಆ ವಾಕ್ಯ ಹೇಳಿದೆ. ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ. "ನನ್ನ ತಾತನೂ ಕ್ಷೌರಿಕರು, ವಾದ್ಯಗಾರರು. ಅವರು ನುಡಿಸಿದ ಮದುವೆಗಳಲ್ಲಿ ಅವರಿಗೆ ಪಂಕ್ತಿಯಲ್ಲಿ ಜಾಗ ಇರಲಿಲ್ಲ" ಎಂದುಬಿಟ್ಟೆ.

ಚಪ್ಪಾಳೆ ಬೀಳಲಿಲ್ಲ. ಹೋಗಿ ನನ್ನ ಜಾಗದಲ್ಲಿ ನಿಂತೆ. ಅಧ್ಯಕ್ಷೆ ನೆಟ್ಟಗೆ ಮುಂದೆ ನೋಡುತ್ತಿದ್ದರು. ಕತ್ತಿನ ನರ ಉಬ್ಬಿತ್ತು. ನಮ್ಮ ನಿರ್ದೇಶಕಿ ಅಂಗೈಯಲ್ಲಡಗುವ ಪೀಪಿ ಊದಿ ಶ್ರುತಿ ಕೊಟ್ಟು ಕೈ ಎತ್ತಿದರು. ಎದೆಬಡಿತದಲ್ಲಿ ನನ್ನ ಸ್ವರ ನನಗೇ ಕೇಳಿಸಲಿಲ್ಲ. ಮೊದಲ ಸಾಲಿನಲ್ಲೇ ಜಾರಿದೆ. ಯಾವ ಮೊಣಕೈಯೂ ತಿವಿಯಲಿಲ್ಲ. ಎರಡು ಸಾಲು ಬರೀ ಬಾಯಾಡಿಸಿದೆ. ಆಮೇಲೆ ಇನ್ನೊಂದು ಬದಿಯವಳ ದನಿಗೆ ಕಿವಿಗೊಟ್ಟು ಹೇಗೋ ನನ್ನ ಸ್ವರ ಹಿಡಿದೆ.

ಮುಗಿದ ಮೇಲೆ ಪರಿಚಯದ ಕನ್ನಡದ ಹೆಂಗಸೊಬ್ಬರು, "ತುಂಬಾ ಚೆನ್ನಾಗಿತ್ತು ಕಣ್ರೀ" ಎನ್ನುತ್ತ ನನ್ನ ಮುಖ ನೋಡದೆ ಹೊರಟುಹೋದರು. ಗಂಡ ಬೈಯುತ್ತಾನೆ ಎಂದುಕೊಂಡಿದ್ದೆ. ಟ್ರಾಮಿನಲ್ಲಿ ಅರ್ಧ ದಾರಿ ಕಿಟಕಿ ನೋಡುತ್ತ ಕೂತಿದ್ದವನು, "ತಾತ ಯಾವ ರಾಗ ಚೆನ್ನಾಗಿ ನುಡಿಸ್ತಿದ್ರು?" ಎಂದು ಕೇಳಿದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನು ತಾತನ ವಿಷಯ ಕೇಳಿದ್ದು ಅದೇ ಮೊದಲು. "ಕಲ್ಯಾಣಿ" ಎಂದೆ.

ಮುಂದಿನ ಎರಡು ವಾರ ಅಭ್ಯಾಸಕ್ಕೆ ಹೋಗಲಿಲ್ಲ. ಮೂರನೆಯ ವಾರ ಅಧ್ಯಕ್ಷೆಯ ಫೋನ್ ಬಂತು.

"ನೀನು ಮೊದಲೇ ಹೇಳಬಹುದಿತ್ತು."

"ಹೇಳಿದ್ದರೆ ಬೇಡ ಅನ್ನುತ್ತಿದ್ದಿರಿ."

"ಹೌದು, ಅನ್ನುತ್ತಿದ್ದೆ. ನನಗಿನ್ನೂ ಸಿಟ್ಟಿದೆ. ಆದರೆ ಆ ಪುಸ್ತಕ ತರಿಸಿ ಓದುತ್ತಿದ್ದೇನೆ. ಮಂಗಳವಾರ ಬಾ. ಬೇಸಿಗೆ ಕಾರ್ಯಕ್ರಮದಲ್ಲೂ ನೀನೇ ಮಾತಾಡಬೇಕು. ಆ ವಾಕ್ಯದಲ್ಲಿ ಒಂದು ವ್ಯಾಕರಣದ ತಪ್ಪಿತ್ತು, ತಿದ್ದಿಕೊಡುತ್ತೇನೆ."

ಮಂಗಳವಾರ ಹೋದೆ. ಇಬ್ಬರೂ ಕೂತು ಆ ವಾಕ್ಯ ಸರಿಮಾಡಿದೆವು. ನಮ್ಮ ನಡುವೆ ಹಿಂದಿನ ಸಲಿಗೆ ಮರಳಲು ಮಾತ್ರ ಆ ಬೇಸಿಗೆ ಸಾಲಲಿಲ್ಲ.