ಬೀದಿಯಾಚೆಯ ತವರು

ಸೀಮಂತ ಮುಗಿದು, ಊಟದ ಎಲೆ ಎತ್ತಿದ ಮೇಲೆ ಹೆಂಗಸರಿಗೆ ತಾವು ಮಾಡಿದ ಎಡವಟ್ಟು ಹೊಳೆಯಿತು.

ಮೊದಲಿನಿಂದ ಹೇಳುತ್ತೇನೆ. ನನ್ನ ಅತ್ತಿಗೆ ಜಯಮ್ಮ, ಐ.ಡಿ.ಹಳ್ಳಿ ಕಡೆಯ ಒಂದು ಸಣ್ಣ ಊರಿನಲ್ಲಿ ಅಂಗನವಾಡಿ ಟೀಚರ್. ಅಲ್ಲಿರುವುದು ಏಳು ಮಕ್ಕಳು. ಅದರಲ್ಲಿ ಐವರು, ಊರಾಚೆಯ ಕೋಳಿ ಫಾರಂನಲ್ಲಿ ದುಡಿಯುವ ಬಿಹಾರದ ಅಣ್ಣತಮ್ಮಂದಿರ ಮಕ್ಕಳು. ಅವರು ಹೊರಟರೆ? ಉಳಿದಿಬ್ಬರನ್ನು ಪಕ್ಕದೂರಿಗೆ ಸೇರಿಸಿ ಅಂಗನವಾಡಿಗೆ ಬೀಗ.

ಅಣ್ಣತಮ್ಮಂದಿರಲ್ಲಿ ಕಿರಿಯವನು ಮನೋಜ್. ಅವನ ಹೆಂಡತಿ ಸುನೀತಾಗೆ ಚೊಚ್ಚಲ ಬಸಿರು. (ಊರಲ್ಲಿ ತೊಟ್ಟಿಲು ಕಟ್ಟಿ ನಾಲ್ಕು ವರ್ಷವಾಗಿತ್ತು.) ಹೆರಿಗೆಗೆಂದು ಅವಳು ಬಿಹಾರಕ್ಕೆ ಹೋದರೆ ಅಷ್ಟೂ ಸಂಸಾರ ಹಿಂದೆಯೇ ಹೋಗುತ್ತದೆ, ಬಂದದ್ದೂ ಒಟ್ಟಿಗೇ. ಆದ್ದರಿಂದ ಅತ್ತಿಗೆ ಒಂದು ಪ್ಲಾನ್ ಮಾಡಿದರು. ಅಂಗನವಾಡಿಯಲ್ಲೇ ಭರ್ಜರಿ ಸೀಮಂತ. ಹಸಿರು ಬಳೆ, ಮಡಿಲಕ್ಕಿ, ಹೋಳಿಗೆ. ಇಷ್ಟು ಅಕ್ಕರೆ ಕಂಡ ಮೇಲೆ ಯಾರು ತಾನೇ ಊರು ಬಿಡುತ್ತಾರೆ?

ಫೋಟೊ ತೆಗೆಯಲು ನನ್ನನ್ನು ಕರೆದಿದ್ದರು. ಎಲ್ಲ ಚೆನ್ನಾಗಿಯೇ ನಡೆಯಿತು. ಆಗ ಸಹಾಯಕಿ ಸಾಕಮ್ಮ ಬಾಯಿಬಿಟ್ಟರು.

“ಮಡ್ಲು ತುಂಬುದ್ ಮೇಲೆ ತವರಿಗೆ ಕಳಿಸ್ಬೇಕು ಕಣಮ್ಮ. ಇನ್ನು ಗಂಡನ ಮನೇಲಿ ಇರ್ಸಂಗಿಲ್ಲ.”

ಅತ್ತಿಗೆ ಹಣೆ ಚಚ್ಚಿಕೊಂಡರು. “ಇರ್ಸ್ಕಳಾಕೆ ಅಂತ ಮಾಡಿದ್ರೆ, ನಾವೇ ಕಳ್ಸೋ ಅಂಗಾಯ್ತಲ್ಲೇ!”

ಮನೋಜನಿಗೆ ಕನ್ನಡ ಅರ್ಥವಾಗುತ್ತದೆ. “ಟ್ರೈನ್ ಟಿಕೆಟ್ ಮಾಡ್ಲಾ ಅಕ್ಕಾ?” ಎಂದ. ಸುನೀತಾ ತಲೆ ತಗ್ಗಿಸಿದಳು. ಅವಳಿಗೆ ತಾಯಿ ಇಲ್ಲ. ಅಷ್ಟು ದೂರ ಹೋದರೂ ಬಾಣಂತನ ಮಾಡುವವರಿಲ್ಲ.

ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಪುಟ್ಟರಂಗಮ್ಮ ಎದ್ದರು. ಅಂಗನವಾಡಿಯ ಎದುರು ಮನೆಯವರು. ಎಪ್ಪತ್ತು ದಾಟಿದವರು.

“ತವರಿಗೆ ತಾನೆ? ಕಳಿಸ್ಬುಡಾನ ಬುಡ್ರಿ. ಬೀದಿ ದಾಟುದ್ರೆ ನಮ್ಮನೆ. ಇವತ್ತಿಂದ ಅದೇ ಇವಳ ತವರು.”

“ನಿಂಗೆ ಹಿಂದಿ ಬತ್ತದಾ ಅಜ್ಜಿ?” ಯಾರೋ ಕಿಚಾಯಿಸಿದರು.

“ನನ್ ಸೊಸೇಗೆ ಕನ್ನಡ ಬತ್ತದೆ. ನನ್ ಮಾತ್ ಕೇಳ್ತಾಳಾ?”

ನಕ್ಕು ಸುಸ್ತಾದ ಮೇಲೆ ಎಲ್ಲರೂ ಸೇರಿ ಸುನೀತಾಳನ್ನು ತವರಿಗೆ ಕಳಿಸಿಕೊಟ್ಟರು. ಇಪ್ಪತ್ತು ಹೆಜ್ಜೆ! ಬ್ಯಾಗ್ ಹಿಡಿದು ಹಿಂಬಾಲಿಸಿದ ಮನೋಜನನ್ನು ಅಜ್ಜಿ ಹೊಸ್ತಿಲಲ್ಲೇ ತಡೆದರು. “ಅಳಿಯ ಹಬ್ಬಕ್ ಬರ್ಬೇಕು ಕಣ್ಲಾ. ದಿನಾ ಬಂದ್ರೆ ಕಾಫಿ ಸಿಗಕಿಲ್ಲ.”

ನಮ್ಮ ಪತ್ರಿಕೆಗಳಲ್ಲಿ ‘ವಲಸೆ’ ಎಂದರೆ ಈ ಸೀಮೆಯಿಂದ ಹೊರಟವರ ಸುದ್ದಿ. ನಾನೂ ಬೇಕಾದಷ್ಟು ಬರೆದಿದ್ದೇನೆ. ಬಂದವರ ಬಗ್ಗೆ? ಪಾವಗಡದ ಸೋಲಾರ್ ಪಾರ್ಕಿಗೆ, ಶಿರಾ ಹೈವೇಯ ಹೋಟೆಲುಗಳಿಗೆ, ಕೊರಟಗೆರೆ ಕಡೆಯ ಇಟ್ಟಿಗೆ ಗೂಡುಗಳಿಗೆ ಹೊರಗಿನಿಂದ ಜನ ಬರುತ್ತಲೇ ಇದ್ದಾರೆ. ಒಂಟಿಯಾಗಿ ಬಂದವರು ಆಮೇಲೆ ಸಂಸಾರ ಕರೆಸಿಕೊಳ್ಳುತ್ತಾರೆ. ಊರಿನ ಜನಸಂಖ್ಯೆ ಬೆಳೆಯುವುದು ತೊಟ್ಟಿಲಿನಿಂದ ಮಾತ್ರವಲ್ಲ, ಬಸ್ಸಿನಿಂದಲೂ. ನಮ್ಮಲ್ಲೀಗ ಬಸ್ಸಿಳಿದವರೇ ತೊಟ್ಟಿಲನ್ನೂ ಕಟ್ಟಿಸುತ್ತಿದ್ದಾರೆ.

ಹೋದ ವಾರ ಸುನೀತಾಗೆ ಹೆಣ್ಣು ಮಗು. ಬಿಸಿನೀರು ಕಾಯಿಸಿ ಎರೆಯುತ್ತಿರುವವರು ಪುಟ್ಟರಂಗಮ್ಮ. (ಸೊಸೆಯೂ ಕೈ ಜೋಡಿಸಿದ್ದಾಳಂತೆ.) ಅತ್ತಿಗೆ ರಿಜಿಸ್ಟರ್ ಹಿಡಿದು ಫೋನ್ ಮಾಡಿದ್ದರು: “ಮಗು ಊರಿಂದೋ, ಹೊರಗಿಂದೋ? ಏನಂತ ಬರ್ಕಳಪ್ಪ?”

ಅಜ್ಜಿಯ ಮನೆ ಊರಲ್ಲೇ ಇರುವಾಗ ಮಗು ಹೊರಗಿನದು ಹೇಗಾಗುತ್ತದೆ?