ಓಣಿಯಲ್ಲಿ ಚೆಲ್ಲಿದ ಲದ್ದಿ

‘ತಲೆಯಲ್ಲಿ ಲದ್ದಿ ತುಂಬಿದೆಯಾ’ ಎಂದು ಬೈಯುವವರು ಲದ್ದಿಯನ್ನು ನೆಟ್ಟಗೆ ನೋಡಿದವರೇ ಅಲ್ಲ ಎನ್ನುವುದು ಲಾಯದಮ್ಮನ ವಾದ. ಮನೆಯ ಹಿತ್ತಿಲಲ್ಲಿ ಎರಡು ಕುದುರೆಗಳ ಲಾಯವಿದ್ದದ್ದರಿಂದ ಬೀದಿಯವರು ಅವಳಿಗೆ ಆ ಹೆಸರಿಟ್ಟಿದ್ದರು. ಗಂಡ ಬೆಳಗಾದರೆ ಗಾಡಿ ಹೂಡಿ ಮಾರುಕಟ್ಟೆಗೆ ತರಕಾರಿ ಮೂಟೆ ಸಾಗಿಸುತ್ತಿದ್ದ. ಕುದುರೆ ಮುಂದಕ್ಕೆ ಹೇಗೆ ಓಡುತ್ತದೆ ಎನ್ನುವುದು ಅವನ ಚಿಂತೆ, ಹಿಂದೆ ಏನು ಬೀಳುತ್ತದೆ ಎನ್ನುವುದು ಇವಳದ್ದು. ಉಂಡೆ ಗಟ್ಟಿಯಾಗಿದ್ದರೆ ನೀರು ಸಾಲದು, ಸಡಿಲವಾಗಿದ್ದರೆ ಹುಲ್ಲು ಎಳಸು, ಕಾಳು ಇಡಿಯಾಗಿ ಬಂದರೆ ಹಲ್ಲಿಗೆ ತೊಂದರೆ. ಗಂಡನ ಮುಖ ನೋಡಿ ಅವನ ಮನಸ್ಸು ತಿಳಿಯದ ಹೆಂಗಸು ಕುದುರೆಯ ಲದ್ದಿ ನೋಡಿ ಅದರ ಆರೋಗ್ಯ ಹೇಳುತ್ತಿದ್ದಳು.

ಇಷ್ಟೆಲ್ಲ ಬಲ್ಲವಳಿಗೆ ಇದ್ದ ಒಂದೇ ಕಷ್ಟ ಜಾಗದ್ದು. ಎರಡು ಕುದುರೆಗಳು ದಿನವೂ ಹಾಕುವುದನ್ನು ಆ ಅಂಗೈಯಗಲದ ಹಿತ್ತಿಲಲ್ಲಿ ಎಲ್ಲಿಡುವುದು? ಮುಂಬಾಗಿಲಿಗೆ ಕಡಿದಾದ ಮೆಟ್ಟಿಲು. ಕುದುರೆ ಹೊರಗೆ ಹೋಗಬೇಕಾದರೂ, ಲದ್ದಿ ಹೋಗಬೇಕಾದರೂ ಪಕ್ಕದ ಓಣಿಯೇ ಗತಿ. ಆ ಓಣಿ ವಾರಗಿತ್ತಿಯದು. ಮನೆ ಪಾಲಾದ ದಿನ ಅಣ್ಣ ತಮ್ಮ ಇಬ್ಬರೂ ‘ಓಡಾಡೋಕೆ ಇಬ್ಬರಿಗೂ ಇರಲಿ ಬಿಡು’ ಎಂದು ಬಾಯಿಮಾತಿನಲ್ಲೇ ಮುಗಿಸಿದ್ದರು. ಮಾತು ಕೊಟ್ಟ ಅಣ್ಣ ತೀರಿಕೊಂಡ. ಅವನ ಹೆಂಡತಿಗೆ ಉಳಿದದ್ದು ಆ ಪಾಲು ಮತ್ತು ಒಂದು ನಾಯಿ. ಉದ್ದ ಮೂತಿಯ, ಜೂಲು ಕೂದಲಿನ, ಕುರಿ ಕಾಯುವ ಜಾತಿಯ ಆ ನಾಯಿಗೆ ಅವಳು ದೊರೆ ಎಂದು ಹೆಸರಿಟ್ಟಿದ್ದಳು, ದೊರೆಯಂತೆಯೇ ಸಾಕಿದ್ದಳು.

ಲದ್ದಿಯ ರಾಶಿ ವಾರಗಿತ್ತಿಯ ಅಡುಗೆಮನೆಯ ಗೋಡೆಗೆ ಒರಗಿಕೊಂಡಿತ್ತು. ನಾತ, ನೊಣ, ಗೋಡೆಗೆ ತೇವ. ಮೊದಮೊದಲು ಗೊಣಗುತ್ತಿದ್ದವಳು ಆಮೇಲೆ ಮಾತನ್ನೇ ಬಿಟ್ಟಳು. ಜಗಳವಾಡುವ ವಾರಗಿತ್ತಿಗಿಂತ ಸುಮ್ಮನಿರುವ ವಾರಗಿತ್ತಿ ಅಪಾಯ. ಕೊನೆಗೊಂದು ದಿನ ಬೇಲಿಯಾಚೆ ನಿಂತು ಹೇಳಿಯೇಬಿಟ್ಟಳು: ಭಾನುವಾರದೊಳಗೆ ರಾಶಿ ಖಾಲಿಯಾಗಬೇಕು, ಇಲ್ಲವಾದರೆ ಸೋಮವಾರ ಗಾರೆಯವನು ಬಂದು ಓಣಿಗೆ ಅಡ್ಡಗೋಡೆ ಕಟ್ಟುತ್ತಾನೆ. ಓಣಿ ಮುಚ್ಚಿದರೆ ಕುದುರೆಗಳನ್ನು ಮಾರದೆ ಬೇರೆ ದಾರಿಯಿರಲಿಲ್ಲ. ಕುದುರೆಯಿಲ್ಲದ ಗಾಡಿಯವನ ಮನೆ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಕುದುರೆಗಳಿಗೆ ಆಗಾಗ ಜಂತುಹುಳದ ಔಷಧಿ ಕೊಡುವುದುಂಟು. ದೊರೆ ಮರಿಯಾಗಿ ಬಂದಾಗಲೇ, ಕುದುರೆ ನೋಡಲು ಬಂದಿದ್ದ ಪಶುವೈದ್ಯರು ಅವನನ್ನು ನೋಡಿ ಲಾಯದಮ್ಮನಿಗೆ ಎಚ್ಚರಿಕೆ ಹೇಳಿದ್ದರು. ಆ ಔಷಧಿ ಈ ಜಾತಿಯ ನಾಯಿಗೆ ವಿಷ. ಕುದುರೆಯ ಹೊಟ್ಟೆಗೆ ಹೋದ ಮೇಲೂ ಕೆಲವು ದಿನ ಲದ್ದಿಯಲ್ಲಿ ಉಳಿದಿರುತ್ತದೆ. ನಾಯಿಗಳಿಗೋ ಲದ್ದಿ ಎಂದರೆ ಪ್ರಾಣ. ಇದನ್ನು ವಾರಗಿತ್ತಿಗೆ ಹೇಳಬೇಕಾಗಿತ್ತು. ಇವಳು ಹೇಳಲಿಲ್ಲ. ನಾತಕ್ಕೇ ಇಷ್ಟು ಕುಣಿಯುವವಳು ವಿಷ ಎಂದರೆ ಬಿಟ್ಟಾಳೆಯೇ ಎಂಬ ಭಯ. ಬದಲಿಗೆ ತಾನೇ ಒಂದು ಪದ್ಧತಿ ಮಾಡಿಕೊಂಡಳು: ಔಷಧಿ ಕೊಟ್ಟ ದಿನಗಳ ಲದ್ದಿಯೆಲ್ಲ ಮುಚ್ಚಳವಿದ್ದ ಡ್ರಮ್ಮಿಗೆ. ಅದು ಅಲ್ಲೇ ಕೊಳೆತು ಕಪ್ಪಾಗುವವರೆಗೆ ಮುಚ್ಚಳದ ಮೇಲಿನ ಕಲ್ಲನ್ನು ಗಂಡನೂ ಮುಟ್ಟುವಂತಿರಲಿಲ್ಲ.

ಶನಿವಾರ ಸಸಿ ಮಾರುವವನು ಗೊಬ್ಬರಕ್ಕೆಂದು ಟ್ರ್ಯಾಕ್ಟರ್ ತಂದು ಓಣಿಯ ಬಾಯಲ್ಲಿ ನಿಲ್ಲಿಸಿದ. ಬೇಗ ಬೇಗ ಎಂದು ಹಾರ್ನ್ ಹೊಡೆಯುವ ಆಸಾಮಿ. ಲಾಯದಮ್ಮ ಒಂಟಿಗಾಲಿಯ ಕೈಗಾಡಿಗೆ ತುಂಬುವುದು, ತಳ್ಳುವುದು, ಸುರಿಯುವುದು, ಬೆನ್ನು ಬಿಲ್ಲಾಯಿತು. ಮಧ್ಯಾಹ್ನದ ಹೊತ್ತಿಗೆ ರಾಶಿ ಇದ್ದ ಜಾಗದಲ್ಲಿ ನೆಲ ಕಂಡಿತು. ಟ್ರ್ಯಾಕ್ಟರಿನಲ್ಲಿ ಇನ್ನೂ ಜಾಗವಿದೆ, ಇದ್ದರೆ ತಾ ಎಂದ ಅವನು. ಹಿತ್ತಿಲು ಕನ್ನಡಿಯಂತೆ ಕಾಣಲಿ, ವಾರಗಿತ್ತಿ ಒಂದು ಮಾತೂ ಆಡದಂತಾಗಲಿ ಎಂಬ ಹಟ ಇವಳಿಗೆ. ಆ ವಾರವೇ ಔಷಧಿ ಕೊಟ್ಟಿದ್ದು ಗೊತ್ತಿದ್ದೂ ಕಲ್ಲು ಸರಿಸಿ ಡ್ರಮ್ಮನ್ನೂ ಬಗ್ಗಿಸಿದಳು. ಟ್ರ್ಯಾಕ್ಟರಿಗೆ ತಾನೇ ಹೋಗುವುದು, ನಾಯಿಯ ಬಾಯಿಗೇನಲ್ಲವಲ್ಲ ಎಂದುಕೊಂಡಳು.

ವಾರಗಿತ್ತಿಯ ಹಿಂಬಾಗಿಲ ಮುಂದೆ ಗಾಲಿ ಕಲ್ಲಿಗೆ ಸಿಕ್ಕಿ ಕೈಗಾಡಿ ವಾಲಿತು. ಅರ್ಧ ನೆಲಕ್ಕೆ ಚೆಲ್ಲಿತು. ಹಾರ್ನ್ ಕೂಗುತ್ತಿತ್ತು. ಉಳಿದದ್ದನ್ನು ಸುರಿದು ಬಂದು ಬಳಿದರಾಯಿತು ಎಂದು ಓಡಿದಳು. ಸಲಿಕೆ ಹಿಡಿದು ಮರಳುವಷ್ಟರಲ್ಲಿ ದೊರೆ ಅಲ್ಲಿ ನಿಂತು ಬಾಯಿ ಚಪ್ಪರಿಸುತ್ತಿದ್ದ. ಚೆಲ್ಲಿದ್ದರಲ್ಲಿ ಒಳ್ಳೇ ಪಾಲೇ ಕಾಣೆಯಾಗಿತ್ತು.

ಲಾಯದಮ್ಮ ನಾಯಿಯನ್ನು ಅಟ್ಟಿ ನೆಲವನ್ನು ಗಸಗಸ ಬಳಿಯುತ್ತಿದ್ದಾಗಲೇ ವಾರಗಿತ್ತಿ ಹೊರಗೆ ಬಂದಳು. ಖಾಲಿಯಾದ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ವರ್ಷಗಳಿಂದ ಗಂಟಿಕ್ಕಿದ್ದ ಮುಖ ಸಡಿಲವಾಯಿತು.

“ಚೆನ್ನಾಗಿ ತೆಗೆದಿದ್ದೀಯ ಕಣೇ. ಗಾರೆಯವನಿಗೆ ಬರಬೇಡ ಅಂತ ಹೇಳಿ ಕಳಿಸ್ತೀನಿ.”

ಆಗಲೇ ಹೇಳಬಹುದಿತ್ತು. ತಲೆಯಾಡಿಸಿ ಮನೆಯೊಳಗೆ ಬಂದುಬಿಟ್ಟಳು. ಗಂಡ ಊಟಕ್ಕೆ ಬಂದಾಗ ಅವನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ನಾಯಿ ನೂರೆಂಟು ತಿನ್ನುತ್ತೆ, ಏನೂ ಆಗಲ್ಲ. ನೀನು ಬಾಯಿ ಬಿಟ್ಟೆಯೋ, ಓಣಿ ಹೋಯ್ತು, ಕುದುರೆ ಹೋಯ್ತು. ಸುಮ್ನಿರು.”

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಲಾಯ ಗುಡಿಸುವ ನೆಪದಲ್ಲಿ ಬೇಲಿಯ ಸಂದಿನಿಂದ ಇಣುಕಿದಳು. ದೊರೆ ಬಾಲ ಅಲ್ಲಾಡಿಸುತ್ತ ಓಡಾಡಿಕೊಂಡಿದ್ದ. ಗಂಡ ಹೇಳಿದ್ದೇ ನಿಜವಿರಬಹುದು ಎಂದು ಉಸಿರು ಬಿಟ್ಟಳು. ಮತ್ತೆ ಇಣುಕಿದಾಗ ಅವನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ನೀರಿನ ಬೋಗುಣಿಯತ್ತ ಬಂದವನು ಅದನ್ನು ಕಾಣದೆ ಕಾಲಿಟ್ಟು ಉರುಳಿಸಿದ, ಗೋಡೆಗೆ ಹಣೆ ಬಡಿಸಿಕೊಂಡು ನಿಂತ. ಕಣ್ಣು ತೆರೆದೇ ಇತ್ತು. ಲಾಯದಮ್ಮನಿಗೆ ಆ ಪ್ರಾಣಿಯ ಮೇಲೆ ಅಂಥ ಪ್ರೀತಿಯೇನಿರಲಿಲ್ಲ, ಆದರೆ ಅದು ಗೋಡೆಗೆ ಹಣೆಯಿಟ್ಟು ನಿಂತದ್ದನ್ನು ನೋಡಲಾಗಲಿಲ್ಲ. ಪೊರಕೆ ಎಸೆದು ಓಣಿಗೆ ಓಡಿದಳು.

ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಔಷಧಿ, ಡ್ರಮ್ಮು, ಚೆಲ್ಲಿದ್ದು, ದೊರೆ ತಿಂದದ್ದು. ಕೂಗಾಡುತ್ತಾಳೆ, ಬೈಯುತ್ತಾಳೆ ಎಂದು ಮೈ ಬಿಗಿಹಿಡಿದು ನಿಂತಿದ್ದಳು. ವಾರಗಿತ್ತಿ ಒಳಗೆ ಹೋಗಿ ತನ್ನ ಹಾಸಿಗೆಯ ಹೊದಿಕೆ ತಂದಳು. ನಾಯಿಯೋ ಭಾರ, ಹೆಂಗಸರು ಹೊತ್ತು ನಡೆಯುವಂಥದ್ದಲ್ಲ. ಇದ್ದದ್ದು ಲದ್ದಿಯ ಕೈಗಾಡಿ ಒಂದೇ. ಅದು ಕಣ್ಣಿಗೆ ಬಿದ್ದರೆ ಸಾಕು ಮೂಗು ಮುಚ್ಚಿಕೊಳ್ಳುತ್ತಿದ್ದ ವಾರಗಿತ್ತಿ ಅದರೊಳಗೆ ತನ್ನ ಹೊದಿಕೆ ಹಾಸಿದಳು. ಒಬ್ಬಳು ತಳ್ಳಿದಳು, ಇನ್ನೊಬ್ಬಳು ನಾಯಿಯ ತಲೆ ಹಿಡಿದು ಪಕ್ಕದಲ್ಲಿ ಓಡಿದಳು. ಬೀದಿಯವರು ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು.

ಪಶುವೈದ್ಯರು ಯಾವ ಔಷಧಿ, ಎಂದು ಕೊಟ್ಟದ್ದು, ಎಷ್ಟು ಹೊತ್ತಾಯಿತು ಎಂದು ಕೇಳುತ್ತಲೇ ಸೂಜಿ ಚುಚ್ಚಿದರು, ಹೊಟ್ಟೆಗೆ ಏನೋ ಕರಿ ನೀರು ಇಳಿಸಿದರು. ಕಾರಣ ತಿಳಿದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಲಾಯದಮ್ಮನ ಕಡೆ ತಿರುಗಿ, “ಈ ಜಾತಿಗೆ ಆಗಲ್ಲ ಅಂತ ಮರಿ ಇದ್ದಾಗಲೇ ಹೇಳಿದ್ನಲ್ಲಮ್ಮ ನಿಮಗೆ” ಎಂದುಬಿಟ್ಟರು.

ವಾರಗಿತ್ತಿ ನಾಯಿಯ ಮೇಲಿದ್ದ ಕೈ ತೆಗೆಯದೆ ತಲೆ ಮಾತ್ರ ತಿರುಗಿಸಿ ನೋಡಿದಳು. ಮರಿಯಿದ್ದಾಗಿನಿಂದ ಇವಳಿಗೆ ಗೊತ್ತಿತ್ತು! ಆ ನೋಟವನ್ನು ತಾಳಲಾರದೆ ಲಾಯದಮ್ಮ ಕೈಗಾಡಿಯನ್ನೂ ಅಲ್ಲೇ ಬಿಟ್ಟು ಮನೆಗೆ ಬಂದಳು. ಗಾರೆಯವನಿಗೆ ಬರಬೇಡ ಎಂದು ಹೇಳಿ ಕಳಿಸುವ ಮಾತು ಇನ್ನು ಮುರಿದ ಹಾಗೆಯೇ.

ಭಾನುವಾರ ಕಳೆಯಿತು. ಗಂಡ ಹೆಂಡತಿಯ ನಡುವೆ ಮಾತಿರಲಿಲ್ಲ. ಆಚೆ ಮನೆಯಲ್ಲಿ ನಾಯಿಯ ಸದ್ದಿರಲಿಲ್ಲ. ಸೋಮವಾರ ಗಾರೆಯವನು ಇಟ್ಟಿಗೆ ತಂದು ಓಣಿಯಲ್ಲಿ ಇಳಿಸಿದ. ಗಂಡ ಗಾಡಿ ಹೂಡದೆ ಕೆಂದು ಕುದುರೆಯ ಕತ್ತಿಗೆ ಕೈಯಿಟ್ಟು ನಿಂತುಬಿಟ್ಟ. ಬೇಡಿಕೊಳ್ಳುವುದಾದರೆ ಈಗಲೇ ಎಂದುಕೊಂಡು ಲಾಯದಮ್ಮ ಓಣಿಗೆ ಬಂದಳು. ಹಿಂಬಾಗಿಲಲ್ಲಿ ವಾರಗಿತ್ತಿ ನಿಂತಿದ್ದಳು, ಅವಳ ಕಾಲಿಗೆ ಆತುಕೊಂಡು ದೊರೆ. ಸೊರಗಿದ್ದ, ಆದರೆ ಇವಳು ಬಂದ ಕಡೆಗೆ ಕಣ್ಣು ಹೊರಳಿಸಿ ನೋಡಿದ. ದೃಷ್ಟಿ ಮರಳಿತ್ತು.

“ನೀನು ಬಂದು ಹೇಳಿದ್ದಕ್ಕೆ ಬದುಕಿದ,” ಎಂದಳು ವಾರಗಿತ್ತಿ. “ಮೊದಲೇ ಹೇಳಿದ್ದಿದ್ರೆ ಬೀಳ್ತಾನೇ ಇರ್ಲಿಲ್ಲ.”

ಎರಡೂ ನಿಜವಾಗಿದ್ದವು.

ವಾರಗಿತ್ತಿ ಗಾರೆಯವನನ್ನು ಕರೆದು ಗೋಡೆಯಲ್ಲಿ ಬಾಗಿಲು ಬಿಡಲು ಹೇಳಿದಳು. ಎಷ್ಟು ಅಗಲ ಎಂದು ಅವನು ಕೇಳಿದ್ದಕ್ಕೆ, ಕುದುರೆ ದಾಟುವಷ್ಟು ಎಂದಳು. ಚಿಲಕ ಮಾತ್ರ ತನ್ನ ಕಡೆಗಿರಬೇಕು. ಆಮೇಲೆ ಇವಳತ್ತ ತಿರುಗಿದಳು. “ಹೋಗಬೇಕಾದಾಗ ಕರಿ. ಏನು ತಗೊಂಡು ಹೋಗ್ತಿದ್ದೀಯ ಅಂತ ನೀನೇ ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ತೆಗೀತೀನಿ.”

ಎರಡು ವಾರದಲ್ಲಿ ಗೋಡೆ ಎದ್ದು ಬಾಗಿಲು ಕೂತ ಮರುದಿನ ಲಾಯದಮ್ಮ ತುಂಬಿದ ಕೈಗಾಡಿ ಹಿಡಿದು ಅದರ ಮುಂದೆ ನಿಂತಳು. ಹೊಸ ಮರದ ವಾಸನೆ ಬರುತ್ತಿತ್ತು. ತನ್ನ ಹಿತ್ತಿಲಿನ ಲದ್ದಿಯ ಲೆಕ್ಕವನ್ನು ಇನ್ನೊಬ್ಬಳಿಗೆ ಒಪ್ಪಿಸುವ ಗ್ರಹಚಾರ ತನಗೆ ಬಂತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಬಾಗಿಲು ತಟ್ಟಿ, “ಅಕ್ಕಾ” ಎಂದಳು.

“ಏನದು?”

“ಲದ್ದಿ.”

“ಯಾವ ಲದ್ದಿ?”

“ಈ ವಾರದ್ದು. ಔಷಧಿ ಕೊಟ್ಟಾಗಿನದಲ್ಲ.”

ಚಿಲಕದ ಸದ್ದು ಬರಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದಿತು ಒಳಗಿನ ದನಿ.

ಲಾಯದಮ್ಮ ಇನ್ನೊಂದು ಸಲ ಹೇಳಿದಳು, ಓಣಿಯ ಬಾಯಲ್ಲಿ ಹೋಗುತ್ತಿದ್ದವರು ನಿಂತು ಕೇಳುವಷ್ಟು ಗಟ್ಟಿಯಾಗಿ. ಬಾಗಿಲು ತೆರೆಯಿತು.