ಮಾವನ ಗ್ರೇವಿ, ಸೊಸೆಯ ಕೈ

ಮಲೇಷ್ಯಾದ ಕ್ಲಾಂಗ್ ಬಂದರಿಗೆ ಹೋಗುವ ಹಳೆಯ ರಸ್ತೆಯಲ್ಲಿ ನ್ಯೂ ಹಾರ್ಬರ್ ಕೆಫೆ ಇದೆ. ಹೆಸರಿನಲ್ಲಿ ‘ನ್ಯೂ’ ಇದ್ದರೂ ಅಲ್ಲಿ ಹೊಸದೆಂದು ತೋರಿಸಬಹುದಾದದ್ದು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುವ ಅನ್ನಿ ಒಬ್ಬಳೇ, ಅವಳು ಬಂದೂ ಇಪ್ಪತ್ತು ವರ್ಷ ದಾಟಿದೆ. ಅಮೃತಶಿಲೆಯ ಮೇಜು, ಮರದ ಕುರ್ಚಿ, ತಿರುಗುವಾಗ ಗೊಣಗುವ ಫ್ಯಾನು ಎಲ್ಲವೂ ಅವಳ ಮಾವನ ಅಪ್ಪನ ಕಾಲದವು. ಆ ಹಿರಿಯರು ಹೈನಾನ್ ದ್ವೀಪದಿಂದ ಹಡಗು ಹತ್ತಿ ಬಂದು ಬ್ರಿಟಿಷ್ ದೊರೆಗಳ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದರು. ದೊರೆಗಳು ಗಂಟುಮೂಟೆ ಕಟ್ಟಿದಾಗ ಅವರ ಅಡುಗೆಯನ್ನು ಮಾತ್ರ ಇಲ್ಲೇ ಉಳಿಸಿಕೊಂಡರು. ಹಾಗಾಗಿ ಇಲ್ಲಿ ಹೈನಾನಿನ ಕೋಳಿ ಅನ್ನವೂ ಸಿಗುತ್ತದೆ, ಮಶ್ರೂಮ್ ಸೂಪೂ ಸಿಗುತ್ತದೆ. ಎಲ್ಲಕ್ಕಿಂತ ಮೇಲೆ, ಕ್ರೀಮ್ ಕ್ರ್ಯಾಕರ್ ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿ ಕರಿದು, ಕಂದು ಬಣ್ಣದ ಗ್ರೇವಿ ಸುರಿದು ಕೊಡುವ ಚಿಕನ್ ಚಾಪ್ ಸಿಗುತ್ತದೆ.

ಅನ್ನಿ ಮಂಗಳೂರಿನ ಕುಲಶೇಖರದವಳು. ಬಿ.ಕಾಂ. ಮುಗಿಸಿ ಬಂದರಿನ ಶಿಪ್ಪಿಂಗ್ ಕಚೇರಿಯೊಂದಕ್ಕೆ ಕೆಲಸಕ್ಕೆಂದು ಬಂದವಳು ಬೆಳಗಿನ ಟೋಸ್ಟಿಗೆ ಈ ಕೆಫೆಗೆ ಕಾಲಿಟ್ಟಳು. ಮನೆಯ ಮಗ ಕಿಯೊಂಗ್ ಕಾಫಿ ಮಾಡುತ್ತಿದ್ದ. ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನ ಜಾತಕದಲ್ಲೇ ಇರಲಿಲ್ಲ. ದಿನದಿಂದ ದಿನಕ್ಕೆ ಅವಳ ಟೋಸ್ಟಿನ ನಡುವೆ ಬೆಣ್ಣೆ ಹೆಚ್ಚಿಸುತ್ತಾ ಹೋದ. ಬೆಣ್ಣೆಯ ದಪ್ಪ ಬ್ರೆಡ್ಡಿನ ದಪ್ಪವನ್ನು ಮೀರಿದ ದಿನ ಅನ್ನಿಗೆ ವಿಷಯ ಅರ್ಥವಾಯಿತು. ಊರಿಗೆ ಫೋನ್ ಮಾಡಿದರೆ ಅವಳ ಅಮ್ಮ, “ಚೀನಾದವನಾ? ಎಂತದ್ದೆಲ್ಲ ತಿಂತಾರೋ ಏನೋ ಅವರು!” ಎಂದು ಎದೆ ಹಿಡಿದುಕೊಂಡರು. ಹುಡುಗ ಭಾನುವಾರ ಇಗರ್ಜಿಗೆ ಹೋಗುತ್ತಾನೆ, ಬಂದ ಮೇಲೆ ಮನೆಯಲ್ಲಿ ಹಂದಿ ಮಾಂಸ ಇಲ್ಲದೆ ಊಟ ಮಾಡುವುದಿಲ್ಲ ಎಂದು ತಿಳಿದ ಕೂಡಲೇ, “ಹಾಗಾದ್ರೆ ನಮ್ಮವನೇ ಅಲ್ವಾ ಮಾರಾಯ್ತಿ” ಎಂದು ಚಿನ್ನದಂಗಡಿಗೆ ಹೊರಟೇಬಿಟ್ಟರು.

ಮದುವೆಯಾಗಿ ಬಂದ ಅನ್ನಿಗೆ ಗಂಡ ಸುಲಭವಾಗಿ ಸಿಕ್ಕಿದ, ಒಲೆ ಸಿಗಲಿಲ್ಲ. ಅಡುಗೆಮನೆಯಲ್ಲಿ ಎರಡು ಒಲೆ. ಬಲಗಡೆಯದರಲ್ಲಿ ಯಾರು ಬೇಕಾದರೂ ಮೊಟ್ಟೆ ಬೇಯಿಸಬಹುದು, ಮೀನು ಕರಿಯಬಹುದು. ಎಡಗಡೆಯದು ಗ್ರೇವಿಯ ಒಲೆ. ಅದರ ಮುಂದೆ ಮಾವ, ಮಾವನ ಮುಂದೆ ಪಾತ್ರೆ, ಮಿಕ್ಕವರು ಮೂರು ಹೆಜ್ಜೆ ದೂರ. ಮಾವನ ಫೂ ಮನೆತನದಲ್ಲಿ ಗ್ರೇವಿಯನ್ನು ಯಾರೂ ಹೇಳಿಕೊಡುವುದಿಲ್ಲ, ಬರೆದಿಡುವುದಂತೂ ದೂರದ ಮಾತು. ನೋಡಿ ಕದಿಯಬೇಕು, ಅದೇ ಪದ್ಧತಿ. ಮಾವನೂ ತಮ್ಮಪ್ಪನಿಂದ ಹಾಗೇ ಕದ್ದದ್ದಂತೆ. ಮಗ ಕಿಯೊಂಗ್ ಐವತ್ತು ವರ್ಷ ನೋಡಿಯೂ ಏನನ್ನೂ ಕದಿಯಲಿಲ್ಲ, ಅಷ್ಟು ಪ್ರಾಮಾಣಿಕ.

ಅನ್ನಿ ಕೂತ ಜಾಗದಿಂದ, ತಟ್ಟೆಗಳು ಹೊರಬರುವ ಕಿಂಡಿಯಲ್ಲಿ, ಮಾವನ ಮೊಣಕೈಯಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಚಿಲ್ಲರೆ ಎಣಿಸುತ್ತಲೇ ಅವಳು ಆ ಕೈಗಳನ್ನು ನೋಡುತ್ತಿದ್ದಳು. ಒಮ್ಮೆ ಮಾತ್ರ ಧೈರ್ಯ ಮಾಡಿ, ಕಿಯೊಂಗ್ ಅಪ್ಪನನ್ನು ಕರೆಯುವ ಹಾಗೆಯೇ ಕರೆದು, “ಆ ಪಾ, ನಾನೊಂದು ಸಲ ತಿರುಗಿಸ್ಲಾ?” ಎಂದು ಕೇಳಿದ್ದಳು. ಮನೆಯ ಮಾತು ಅರ್ಧ ಇಂಗ್ಲಿಷ್, ಅರ್ಧ ಮಲಯ್, ಅದನ್ನು ಕನ್ನಡಕ್ಕೆ ಇಳಿಸಿದರೆ ಮಾವನ ಉತ್ತರ ಹೀಗಿತ್ತು: “ನಿನಗೆ ಲೆಕ್ಕ ಚೆನ್ನಾಗಿ ಬರುತ್ತಲ್ಲ? ಅಲ್ಲೇ ಕೂತ್ಕೋ.”

ಹೋದ ವರ್ಷ ಮಾವ ಅದೇ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಎಂಬತ್ತು ದಾಟಿದ ಮೂಳೆ. ಆಪರೇಷನ್ ಆಗಿ ಕೆಫೆಯ ಮೇಲಿನ ಮನೆಯಲ್ಲಿ ಮಲಗಿದವರು ಇನ್ನು ಒಲೆಯ ಮುಂದೆ ನಿಲ್ಲುವಂತಿಲ್ಲ ಎಂದು ಡಾಕ್ಟರು ಹೇಳಿದರು. ಮಾವ ಮರುದಿನ ಬೆಳಗ್ಗೆ ತೀರ್ಪು ಕೊಟ್ಟರು: ಕೆಫೆ ಮುಚ್ಚುವುದು. “ಕಿಯೊಂಗ್ ಗ್ರೇವಿ ಮಾಡಿದ್ರೆ ಮೂರು ದಿನದಲ್ಲಿ ಹೆಸರು ಹಾಳಾಗುತ್ತೆ. ಅದಕ್ಕಿಂತ ಬಾಗಿಲು ಹಾಕೋದು ವಾಸಿ.” ಹತ್ತಿರದ ಪುಚೊಂಗ್ ಊರಿನಲ್ಲಿ ಫೋನ್ ಅಂಗಡಿ ಇಟ್ಟಿದ್ದ ದಾಮೋದರನ್ ಬಂದರಿನ ಕಡೆ ಇನ್ನೊಂದು ಅಂಗಡಿಗೆ ಜಾಗ ಹುಡುಕುತ್ತಿದ್ದ. ಶನಿವಾರ ಬಂದು ಅಳತೆ ಹಾಕಿ ಮಾತು ಮುಗಿಸುವುದೆಂದು ನಿಶ್ಚಯವಾಯಿತು.

ಕಿಯೊಂಗ್ ಹೂಂ ಎಂದ. ಅವನು ಅಪ್ಪನಿಗೂ ಹೆಂಡತಿಗೂ ಒಂದೇ ಉಸಿರಿನಲ್ಲಿ ಹೂಂ ಅನ್ನಬಲ್ಲವನು. ಅನ್ನಿ ಮಾತ್ರ ಹೂಂ ಅನ್ನಲಿಲ್ಲ. ಕಿಯೊಂಗನಿಗೆ ಬರುವುದಿಲ್ಲ ಎಂದರೆ ಸರಿ, ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂಬುದು ಆ ತೀರ್ಪಿನಲ್ಲಿ ಎಲ್ಲೂ ಇರಲಿಲ್ಲವಲ್ಲ! ಮೆಟ್ಟಿಲು ಹತ್ತಿ ಮಾವನ ಮಂಚದ ಪಕ್ಕ ನಿಂತಳು.

“ಆ ಪಾ, ಶನಿವಾರದ ತನಕ ನಾನು ಮಾಡ್ತೇನೆ. ದಿನಾ ನಿಮಗೊಂದು ಪ್ಲೇಟ್ ಮೇಲೆ ಬರುತ್ತೆ. ಸರಿ ಇಲ್ಲದಿದ್ರೆ ಫೋನಿನವನಿಗೆ ಕೊಟ್ಟುಬಿಡಿ, ನಾನು ಬಾಯಿ ಬಿಡುವುದಿಲ್ಲ.”

ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಅದು ಒಪ್ಪಿಗೆಯೋ ಬೆನ್ನುನೋವೋ ತಿಳಿಯಲಿಲ್ಲ. ಅನ್ನಿ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಕೆಳಗಿಳಿದಳು.

ಸೋಮವಾರ ಬೆಳಗ್ಗೆ ಎಡಗಡೆಯ ಒಲೆ ಹಚ್ಚಿದಳು. ಕೋಳಿಯ ಮೂಳೆ ಹುರಿದಳು, ಈರುಳ್ಳಿ ಬಾಡಿಸಿದಳು, ಬೆಣ್ಣೆಯಲ್ಲಿ ಮೈದಾ ಕೆಂಪಾಗಿಸಿದಳು, ಸೋಯಾ ಸಾಸ್, ಟೊಮೆಟೊ ಸಾಸ್, ದೊರೆಗಳು ಬಿಟ್ಟುಹೋದ ವುಸ್ಟರ್ ಸಾಸ್ ಎಲ್ಲ ಸೇರಿಸಿದಳು. ಕಿಂಡಿಯಲ್ಲಿ ನೋಡಿದ ಕೈಗಳು ಮಾಡಿದ್ದನ್ನೆಲ್ಲ ತನ್ನ ಕೈಗಳಿಂದ ಮಾಡಿಸಿದಳು. ಕಿಯೊಂಗ್ ತಟ್ಟೆ ಹೊತ್ತು ಮೇಲೆ ಹೋದ, ಖಾಲಿ ತಟ್ಟೆ ಹೊತ್ತು ಇಳಿದ.

“ಈರುಳ್ಳಿಗೆ ಅವಸರ ಮಾಡಿದ್ದೀಯಂತೆ.”

ಮಂಗಳವಾರದ ವರದಿ, ಮೈದಾ ಹಸಿ. ಬುಧವಾರ, “ಸಾಸ್ ಹಾಕಿದ್ದಾಳೋ, ಬಾಟಲಿ ಬಿದ್ದು ಒಡೆಯಿತೋ?” ಬೈಗುಳ ದಿನಾ ಇಳಿಯುತ್ತಿತ್ತು, ಆದರೆ ತಟ್ಟೆಯಲ್ಲಿ ಗ್ರೇವಿಯ ಗುರುತೂ ಉಳಿಯುತ್ತಿರಲಿಲ್ಲ. ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದು, ಆಮೇಲೆ ಬೈಯುವ ಈ ಕ್ರಮವನ್ನು ಅನ್ನಿ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅವಳ ತಲೆಯ ತುಂಬ ಶನಿವಾರ ಕೂತಿತ್ತು.

ಮಧ್ಯಾಹ್ನ ತಪ್ಪದೆ ಬರುವ ಗಿರಾಕಿ ಗಫೂರ್. ಗದಗಿನವನು, ಬಂದರಿನ ಕಂಟೇನರ್ ಯಾರ್ಡಿನಲ್ಲಿ ಎಂಜಿನಿಯರ್. ಕೆಳಗೆ ಕೆಫೆಯಲ್ಲಿ ಹಂದಿ ಮಾಂಸ ಬೇಯುವುದಿಲ್ಲ, ಕೋಳಿ ಹಲಾಲ್ ಅಂಗಡಿಯದು ಎಂದು ಸ್ವತಃ ವಿಚಾರಿಸಿಕೊಂಡ ಮೇಲೆಯೇ ಗಿರಾಕಿಯಾದವನು. ಅನ್ನಿಗೆ ದಿನಕ್ಕೊಮ್ಮೆ ಕನ್ನಡ ಸಿಗುವುದು ಅವನಿಂದಲೇ. ಗುರುವಾರ ಅವಳು ಸೌಟು ಹಿಡಿದೇ ಅವನ ಮೇಜಿಗೆ ಬಂದಳು.

“ಗಫೂರ್ ಭಾಯ್, ಸುಳ್ಳು ಹೇಳ್ಬೇಡಿ ಆಯ್ತಾ. ಹೇಗುಂಟು?”

ಗಫೂರ್ ನಿಧಾನವಾಗಿ ಅಗಿದ. “ಛಲೋ ಐತ್ರಿ ಅನ್ನಿಬಾಯಾರ. ಏನೂ ತಪ್ಪಿಲ್ಲ.”

“ಆದ್ರೆ?”

“ಅಜ್ಜಾರ್ದು ಇದ್ದಂಗ ಐತಿ, ಅಜ್ಜಾರ್ದಲ್ಲ. ಫೋಟೋ ತಗದಂಗ ಆಗೇತ್ರಿ.”

ಮೇಲಿನಿಂದ ಇಳಿದ ತೀರ್ಪೂ ಅದೇ ಆಗಿತ್ತು. ಕಿಯೊಂಗ್ ಮೆಟ್ಟಿಲ ಮೇಲೇ ನಿಂತು ತಲೆ ಕೆರೆದುಕೊಂಡು ಹೇಳಿದ: “ಎಲ್ಲ ಸರಿ ಇದೆಯಂತೆ. ಆದ್ರೂ ತನ್ನದಲ್ಲವಂತೆ.” ಅನ್ನಿಗೆ ಅಳು ಬಂತು. ತಪ್ಪಿದ್ದರೆ ತಿದ್ದಬಹುದು. ತಪ್ಪೇ ಇಲ್ಲದೆಯೂ ಸೋತರೆ ಏನು ಮಾಡುವುದು? ಇಷ್ಟು ವರ್ಷ ಕಿಂಡಿಯ ಈಚೆ ಕೂತದ್ದು ಇದಕ್ಕೇನೇ ಎಂದು ತನ್ನ ಮೇಲೆ ತನಗೇ ಕನಿಕರವಾಯಿತು.

ಶುಕ್ರವಾರ ಆ ಕನಿಕರ ಸಿಟ್ಟಾಗಿ ತಿರುಗಿತು, ಮಂಗಳೂರಿನ ಸಿಟ್ಟು. ಹೇಗೂ ನಾಳೆ ಅಳತೆ ಟೇಪು ಬರುತ್ತದೆ, ಹೇಗೂ ಇದು ಕೊನೆಯ ಪಾತ್ರೆ. ಅವಳು ದಡದಡ ಮೇಲೆ ಹೋಗಿ, ಅಕ್ಕ ಊರಿನಿಂದ ಕಳಿಸಿದ್ದ ಬಾಫಾತ್ ಪುಡಿಯ ಡಬ್ಬ ಹಿಡಿದು ಇಳಿದಳು. ಭಾನುವಾರ ಮನೆಯಲ್ಲಿ ಹಂದಿ ಮಾಂಸಕ್ಕೆ ಹಾಕುವ ಪುಡಿ ಅದು. ಮೆಣಸು, ಕೊತ್ತಂಬರಿ, ಅರಿಶಿನ, ಲವಂಗ ಎಲ್ಲ ಹುರಿದು ಕುಟ್ಟಿದ್ದು, ಡಬ್ಬ ತೆರೆದರೆ ಪಕ್ಕದ ಮನೆಯವರಿಗೂ ಸೀನು ಬರುವಂಥದ್ದು. ಕುದಿಯುವ ಗ್ರೇವಿಗೆ ಒಂದು ಚಮಚ ತುಂಬ ಸುರಿದು ಕಲಸಿಬಿಟ್ಟಳು. ಕಲಸಿ ಮುಗಿದ ಮೇಲೆ ತಾನು ಮಾಡಿದ್ದೇನೆಂದು ಹೊಳೆಯಿತು. ದೊರೆಗಳ ಗ್ರೇವಿಗೆ ಬಾಫಾತ್ ಪುಡಿ! ಚೆಲ್ಲೋಣವೆಂದರೆ ಹೊರಗೆ ಮೇಜುಗಳೆಲ್ಲ ತುಂಬಿದ್ದವು, ಬೇರೆ ಮಾಡಲು ಸಮಯವಿರಲಿಲ್ಲ. ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿಕೊಂಡು ಬಡಿಸಿದಳು.

ಸ್ವಲ್ಪ ಹೊತ್ತಿಗೆ ಗಫೂರ್ ಕಿಂಡಿಯ ಹತ್ತಿರ ಬಂದು ಮುಖ ತೂರಿಸಿದ.

“ಅನ್ನಿಬಾಯಾರ, ಇವತ್ತ ಏನ್ ಹಾಕೀರಿ?”

“ಎಂತ ಇಲ್ಲ! ಎಂತದ್ದೂ ಇಲ್ಲ! ಯಾಕೆ?”

“ಇನ್ನೊಂದ್ ಪ್ಲೇಟ್ ತಪಾವ್ ಕಟ್ಟಿಕೊಡ್ರಿ, ಫಹ್ಮೀದಾಗ ಒಯ್ತೀನಿ. ಆಕಿ ಈ ಊರಿನ ಊಟಕ್ಕ ದಿನಾ ಮುಖ ಸೊಟ್ಟ ಮಾಡ್ತಾಳ.”

ಹೆಂಡತಿಗೆಂದು ಪೊಟ್ಟಣ ಕಟ್ಟಿಸಿಕೊಂಡು ಗಫೂರ್ ಹೋದ. ಅನ್ನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಗದಗಿನವನಿಗೆ ಖಾರ ಹಿಡಿಸಿದರೆ ಅದೇನು ದೊಡ್ಡ ಸಂಗತಿ? ಮೇಲಿನ ತಟ್ಟೆಯದೇ ಚಿಂತೆ. ಆ ದಿನ ತಟ್ಟೆ ಕೆಳಗೆ ಬರಲೇ ಇಲ್ಲ. ಬೈಗುಳವೂ ಬರಲಿಲ್ಲ. ಸಂಜೆ ಕಿಯೊಂಗ್ ಹೋಗಿ ನೋಡಿದರೆ ಮಾವ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಬೈಯದ ಮಾವ ಬೈಯುವ ಮಾವನಿಗಿಂತ ಹೆಚ್ಚು ಭಯ ಹುಟ್ಟಿಸಿದರು.

ಶನಿವಾರ ದಾಮೋದರನ್ ಹೇಳಿದ ಹೊತ್ತಿಗೆ ಮೊದಲೇ ಬಂದ. ಗೋಡೆಗೆ ಟೇಪು ಹಿಡಿದ, ಫ್ಯಾನು ನೋಡಿ ನಕ್ಕ, ಗ್ರೇವಿಯ ಒಲೆ ಇದ್ದ ಕಡೆಗೆ ಬೆರಳು ತೋರಿಸಿ, “ಇಲ್ಲಿ ಚಾರ್ಜರ್‌ಗಳ ಶೆಲ್ಫ್ ಬರುತ್ತೆ” ಎಂದು ಕಿಯೊಂಗನಿಗೆ ವಿವರಿಸಿದ. ಕಿಯೊಂಗ್ ಅವನಿಗೂ ಹೂಂ ಎಂದ. ಅನ್ನಿ ಕೇಳಿಸಿಕೊಳ್ಳದವಳ ಹಾಗೆ ಈರುಳ್ಳಿ ಹೆಚ್ಚುತ್ತಾ ನಿಂತಳು. ಅಭ್ಯಾಸಬಲದಿಂದ ಗ್ರೇವಿ ಮಾಡಿದಳು. ಡಬ್ಬ ಅಲ್ಲೇ ಇತ್ತು, ಮುಟ್ಟಲಿಲ್ಲ.

ಆಗ ಮೆಟ್ಟಿಲ ಕಡೆಯಿಂದ ಕಟ್, ಕಟ್ ಎಂದು ವಾಕರಿನ ಸದ್ದು. ಡಾಕ್ಟರು ಬೇಡವೆಂದಿದ್ದನ್ನೆಲ್ಲ ಮಾಡುವುದು ಮಾವನ ಮೊದಲಿನ ಅಭ್ಯಾಸ. ಕಿಯೊಂಗ್ ಓಡಿಹೋಗಿ ಹಿಡಿದುಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇಳಿದು ಬಂದ ಮಾವ ದಾಮೋದರನ್ ಕಡೆ ತಲೆಯಾಡಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ಅನ್ನಿಯ ಕುರ್ಚಿಯಲ್ಲಿ ಕೂತರು. ಅವಳ ಕನ್ನಡಕವನ್ನೂ ಜಪಸರವನ್ನೂ ಪಕ್ಕಕ್ಕೆ ಸರಿಸಿದರು. ಕಿಂಡಿಗೆ ಬಗ್ಗಿ, ಪಾತ್ರೆಯಿಂದ ಏಳುತ್ತಿದ್ದ ಹಬೆಯನ್ನು ಮೂಸಿದರು.

“ನಿನ್ನೆ ಹಾಕಿದ್ದು ಭಾನುವಾರದ ಪುಡಿ.”

ಅನ್ನಿ ಸೌಟು ಕೆಳಗಿಟ್ಟಳು. “ಹೌದು ಆ ಪಾ. ತಪ್ಪಾಯ್ತು.”

“ತಪ್ಪೇ. ಒಂದು ಚಮಚ ಯಾರಾದ್ರೂ ಹಾಕ್ತಾರಾ? ಅರ್ಧ ಸಾಕಿತ್ತು. ರಾತ್ರಿಯೆಲ್ಲ ನೀರು ಕುಡಿದೆ.” ಮಾವ ಉಸಿರು ಎಳೆದುಕೊಂಡರು. “ಇವತ್ತು ಯಾಕೆ ಹಾಕಿಲ್ಲ?”

ಅನ್ನಿ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನಾಲ್ಕು ದಿನ ನನ್ನ ಹಾಗೆ ಮಾಡೋಕೆ ಹೋಗಿ ಕೋಳಿ ದಂಡ ಮಾಡಿದೆ. ನಾನು ನನ್ನಪ್ಪನ ಹಾಗೆ ಮಾಡೋಕೆ ಹೋಗಿ ಹತ್ತು ವರ್ಷ ದಂಡ ಮಾಡಿದ್ದೆ. ಅವನ ಗ್ರೇವಿಯಲ್ಲಿ ಸೋಯಾ ಸಾಸೇ ಇರಲಿಲ್ಲ, ಗೊತ್ತಾ? ನಾನು ಹಾಕಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟ. ಆಮೇಲೆ ಒಲೆ ನನಗೆ ಬಿಟ್ಟು ಎದ್ದುಹೋಗಿ ಅಲ್ಲಿ, ಬಾಗಿಲ ಹತ್ತಿರ ಕೂತ.”

ಇಷ್ಟು ಉದ್ದದ ಮಾತನ್ನು ಮಾವ ಅವಳ ಜೊತೆ ಎಂದೂ ಆಡಿರಲಿಲ್ಲ. ಅನ್ನಿ ಅರ್ಧ ಚಮಚ ಪುಡಿ ತೆಗೆದು, ಅದರಲ್ಲೂ ಸ್ವಲ್ಪ ಡಬ್ಬಕ್ಕೇ ಉದುರಿಸಿ, ಮಿಕ್ಕದ್ದನ್ನು ಪಾತ್ರೆಗೆ ಹಾಕಿದಳು. ಟೇಪು ಸುತ್ತುತ್ತಾ ದಾಮೋದರನ್ ನಾಲ್ಕನೇ ಮೇಜಿನಲ್ಲಿ ಕೂತು, ಬಾಡಿಗೆಯ ಮಾತು ಶುರು ಮಾಡೋಣವೇ ಎಂದು ಮೆಲ್ಲಗೆ ಕೆಮ್ಮಿದ. ಮಾವ ಅವನ ಕಡೆ ಕೈ ಎತ್ತಿ ತಡೆದರು. ಕಿಂಡಿಯತ್ತ ತಿರುಗಿ, ಬಂದರಿನವರೆಗೆ ಕೇಳಿಸುವಂಥ ದನಿಯಲ್ಲಿ ಕೂಗಿದರು.

“ಚಿಕನ್ ಚಾಪ್ ಎರಡು! ಒಂದು ನಾಲ್ಕನೇ ಮೇಜಿಗೆ, ಅವರಿಗೆ ಜಾಗ ಇಲ್ಲ ಅಂತ ಹೇಳೋದಿದೆ, ಖಾಲಿ ಹೊಟ್ಟೆಯಲ್ಲಿ ಹೇಳಬಾರದು. ಇನ್ನೊಂದು ನನಗೆ. ಮೇಲೆ ಕಳಿಸಬೇಡ, ಇಲ್ಲೇ ತಿಂತೀನಿ.”

ಅನ್ನಿ “ಹೂಂ ಆ ಪಾ” ಎಂದಳು. ಕೋಳಿ ಎಣ್ಣೆಗೆ ಬಿದ್ದ ಸದ್ದಿನಲ್ಲಿ ಅದು ಕಿಂಡಿಯ ಆಚೆ ದಾಟಲಿಲ್ಲ. ಮಾವನಿಗೆ ತಾಳ್ಮೆ ಎಲ್ಲಿಯದು?

“ಏನಮ್ಮಾ ಅಡುಗೆಯವಳೇ, ಕೇಳಿಸ್ತಾ ಇಲ್ವಾ?” ಎಂದು ಗಲ್ಲಾಪೆಟ್ಟಿಗೆಯ ಮೇಲೆ ಬಡಿದರು.